ಮುಂಜಾನೆಗೊಂದು ಗುಡ್ಡ: ಶಹಾಪುರ, ಸುರಪುರ, ಹುಣಸಗಿ ಕಣಿವೆಗೆ ಮನೆಮಂದಿಯೆಲ್ಲ ಹೋಗಿಬರುವ ಬಗೆ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಯಾದಗಿರಿ ಜಿಲ್ಲೆಯ ಗುಡ್ಡ ಹತ್ತಲು ಹೋಗುವವರು ಬೆಳಿಗ್ಗೆ ಹತ್ತೂವರೆಯೊಳಗೆ ಕೆಳಗೆ ಇಳಿದಿರಬೇಕು. ಉಳಿದದ್ದು ಹೆಚ್ಚುಕಮ್ಮಿ ಆದರೂ ನಡೆಯುತ್ತದೆ. ಇದೊಂದು ತಪ್ಪಿದರೆ ಇಡೀ ಪ್ರವಾಸ ಕೆಡುತ್ತದೆ. ಇಲ್ಲಿನ ಬಂಡೆ ಬಿಸಿಲಿಗೆ ರೊಟ್ಟಿ ಹಂಚಿನ ಹಾಗೆ ಕಾಯುತ್ತದೆ. ಮೇಲಿಂದ ಸೂರ್ಯ, ಕೆಳಗಿಂದ ಕಲ್ಲು.

ನಮಗೆ ಇದು ಗೊತ್ತಾದದ್ದು ಯಾದಗಿರಿ ಕೋಟೆಯಲ್ಲಿ. ಮಾರ್ಚ್ ತಿಂಗಳು. ಮನೆಯಲ್ಲಿ ನಾಷ್ಟಾ ಮುಗಿಸಿ, ಮಕ್ಕಳಿಗೆ ಸ್ನಾನ ಮಾಡಿಸಿ, ಒಂಬತ್ತಕ್ಕೆ ಕಲಬುರಗಿ ಬಿಟ್ಟೆವು. ಮೆಟ್ಟಿಲು ಹತ್ತಲು ಶುರು ಮಾಡಿದಾಗ ಹನ್ನೆರಡರ ಹತ್ತಿರ. ಅರ್ಧ ದಾರಿಗೆ ಮಗನ ಮೂಗಿನಿಂದ ರಕ್ತ ಬಂತು. ನಮ್ಮ ಅತ್ತೆ ಅವನನ್ನು ಕೋಟೆ ಬಾಗಿಲ ನೆರಳಿಗೆ ಎಳೆದುಕೊಂಡು, ಸೆರಗು ನೀರಲ್ಲಿ ಅದ್ದಿ ನೆತ್ತಿಗೆ ಇಟ್ಟರು. ಉಳಿದಿದ್ದ ಒಂದೇ ಬಾಟಲಿ ನೀರು ಅಲ್ಲಿಗೇ ಮುಗಿಯಿತು. ಏನೂ ನೋಡದೆ ವಾಪಸ್ ಬಂದೆವು. ಅವತ್ತಿನಿಂದ ನಮ್ಮ ಮನೆಯಲ್ಲಿ ಒಂದೇ ಲೆಕ್ಕ: ಮುಂಜಾನೆಗೊಂದು ಗುಡ್ಡ, ಅಷ್ಟೇ. ಈಗ ಕೆಳಗೆ ಬರೆದಿರುವುದು ಆ ಲೆಕ್ಕದ ಮೇಲೆ ಕೂಡಿಸಿದ ಪ್ರವಾಸ. ಎರಡು ರಾತ್ರಿ, ಮೂರು ಮುಂಜಾನೆ.

ಹೋಗುವುದಾದರೂ ಯಾಕೆ ಅಂತೀರಾ? ರಜೆ ಬಂದರೆ ನಮ್ಮ ಕಡೆಯವರು ಊಟಿ, ಮಡಿಕೇರಿ ಅಂತ ಒಂದು ರಾತ್ರಿ ಒಂದು ಹಗಲು ಪ್ರಯಾಣದಲ್ಲೇ ಕಳೆಯುತ್ತಾರೆ. ಅವು ಚೆನ್ನಾಗಿಲ್ಲ ಅನ್ನುತ್ತಿಲ್ಲ. ಆದರೆ ಭೀಮೆಗೂ ಕೃಷ್ಣೆಗೂ ನಡುವೆ ನಮ್ಮದೇ ಗುಡ್ಡಗಳಿವೆ, ನಮ್ಮದೇ ಕಣಿವೆ ಇದೆ. ಮನುಷ್ಯ ಸುಮಾರು 12 ಲಕ್ಷ ವರ್ಷದ ಹಿಂದೆ ಕೂತು ಕಲ್ಲಿನ ಕೊಡಲಿ ಮಾಡಿದ ಜಾಗ ಅಲ್ಲಿದೆ. ಔರಂಗಜೇಬ ತನ್ನ ಕೊನೆಯ ಮುತ್ತಿಗೆ ಹಾಕಿದ ಕೋಟೆ ಅಲ್ಲಿದೆ. ನಮ್ಮ ಮಕ್ಕಳು ಇದನ್ನು ನೋಡದೇ ದೊಡ್ಡವರಾಗುತ್ತಾರೆ ಅಂದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮೊದಲ ಹೆಜ್ಜೆ: ದಿನ ಗೊತ್ತು ಮಾಡಿಕೊಳ್ಳಿ

ನವೆಂಬರ್‌ನಿಂದ ಫೆಬ್ರವರಿ ನಡುವೆ ಹೋಗಿ. ಎಳ್ಳಮವಾಸ್ಯೆಯ ಆಸುಪಾಸು ಬಹಳ ಒಳ್ಳೆಯದು. ತೊಗರಿ ಬಲಿತಿರುತ್ತದೆ, ಬಿಳಿಜೋಳ ಎದೆಮಟ್ಟ ನಿಂತಿರುತ್ತದೆ, ಕೆರೆಗಳಲ್ಲಿ ನೀರಿರುತ್ತದೆ, ಹಕ್ಕಿಗಳು ಬಂದಿರುತ್ತವೆ. ಏಪ್ರಿಲ್, ಮೇ ಬೇಡವೇ ಬೇಡ. ಮಕ್ಕಳ ಬೇಸಿಗೆ ರಜೆ ಆಗಲೇ ಬರುತ್ತದೆ, ಗೊತ್ತು. ಆದರೂ ಬೇಡ.

ಮಳೆಗಾಲದಲ್ಲಿ ಗುಡ್ಡ ಹಸಿರಾಗಿ ಕಣ್ಣಿಗೆ ತಂಪು. ಆದರೆ ಎರಡು ತೊಂದರೆ. ಒಂದು, ಬಂಡೆ ಜಾರುತ್ತದೆ. ಇನ್ನೊಂದು, ಎರೆಮಣ್ಣು. ಡಾಂಬರು ಬಿಟ್ಟು ಹೊಲದ ದಾರಿಗೆ ಇಳಿದಿರೋ, ಚಕ್ರಕ್ಕೆ ಮಣ್ಣು ಮೆತ್ತಿಕೊಂಡು ಗಾಡಿ ಅಲ್ಲೇ ನಿಲ್ಲುತ್ತದೆ. ಒಮ್ಮೆ ಸೆಪ್ಟೆಂಬರ್‌ನಲ್ಲಿ ನಮಗೆ ಹೀಗಾಗಿ, ಪಕ್ಕದ ಹೊಲದ ಯಜಮಾನರು ಟ್ರ್ಯಾಕ್ಟರ್ ತಂದು ಎಳೆದರು. ದುಡ್ಡು ಕೊಡಲು ಹೋದರೆ ತಗೊಳ್ಳಲಿಲ್ಲ. "ಮಳಿ ಬಂದ ಮ್ಯಾಲ ಎರಿಯಾಗ ಗಾಡಿ ಇಳಸಬಾರ್ದವ್ವಾ, ಮೂರ್ ದಿನ ಬಿಡಬೇಕು" ಅಂದರು. ಆ ಮೂರು ದಿನದ ಮಾತು ಬರೆದಿಟ್ಟುಕೊಳ್ಳಿ.

ಎರಡನೇ ಹೆಜ್ಜೆ: ಗಾಡಿ, ಮಂದಿ, ವಸತಿ

ಎಂಟು ಹತ್ತು ಮಂದಿ ಇದ್ದರೆ ಒಂದು ಕ್ರೂಸರ್ ಬಾಡಿಗೆಗೆ ಹಿಡಿಯುವುದು ಸಲೀಸು. ಎತ್ತರದ ಗಾಡಿ, ಹಳ್ಳಿ ರಸ್ತೆಗೆ ಹೇಳಿಮಾಡಿಸಿದ್ದು. ಬಾಡಿಗೆ ಮಾತಾಡುವಾಗಲೇ ಡ್ರೈವರ್ ಊಟ, ರಾತ್ರಿ ನಿಲ್ಲುವ ದುಡ್ಡು ಸೇರಿದೆಯೋ ಇಲ್ಲವೋ ಕೇಳಿಕೊಳ್ಳಿ. ಬಸ್ಸಿನಲ್ಲೂ ಆಗುತ್ತದೆ. ಕಲಬುರಗಿಯಿಂದ ಜೇವರ್ಗಿ ಮೇಲೆ ಶಹಾಪುರ, ಸುರಪುರಕ್ಕೆ ಬಸ್ಸು ಸಿಗುತ್ತವೆ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ, ಆಧಾರ್ ಕಾರ್ಡ್ ಮಾತ್ರ ಮರೆಯಬೇಡಿ. ಊರು ತಲುಪಿದ ಮೇಲೆ ಹಳ್ಳಿಗಳಿಗೆ ಆಟೋ ಮಾಡಿಕೊಳ್ಳಬೇಕಾಗುತ್ತದೆ. ಹೋಗಿಬರುವ ಬಾಡಿಗೆ, ಅಲ್ಲಿ ಎಷ್ಟು ಹೊತ್ತು ಕಾಯಬೇಕು, ಎರಡೂ ಮೊದಲೇ ಮಾತಾಡಿ.

ರಾತ್ರಿಗೆ ಶಹಾಪುರ ಅಥವಾ ಸುರಪುರದಲ್ಲಿ ಸಾದಾ ಲಾಡ್ಜ್‌ಗಳು ಸಿಗುತ್ತವೆ. ಜಾಸ್ತಿ ಸೌಕರ್ಯ ಬೇಕಾದರೆ ಯಾದಗಿರಿ. ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ: ನೆಲಮಹಡಿಯಲ್ಲಿ ರೂಮು ಇದೆಯಾ, ಕುರ್ಚಿ ಕಮೋಡ್ ಇದೆಯಾ, ಬಿಸಿನೀರು ಎಷ್ಟು ಗಂಟೆಗೆ ಬರುತ್ತದೆ. ಒಂದು ಲಾಡ್ಜ್‌ನಲ್ಲಿ ಕೆಳಗಿನ ರೂಮು ಅಂತ ಹೇಳಿ ಮೂರನೇ ಮಹಡಿ ಕೊಟ್ಟರು. ಲಿಫ್ಟ್ ಇಲ್ಲ. ಅತ್ತೆಯ ಮೊಣಕಾಲಿಗೆ ಆ ಮೆಟ್ಟಿಲು ಗುಡ್ಡಕ್ಕಿಂತ ಭಾರವಾಯಿತು. ಈಗ ನಾನು ರೂಮಿನ ನಂಬರ್ ಕೂಡ ಕೇಳಿ ಬರೆದುಕೊಳ್ಳುತ್ತೇನೆ.

ಮೂರನೇ ಹೆಜ್ಜೆ: ಬುತ್ತಿ ಮತ್ತು ನೀರು

ತಲೆಗೆ ಎರಡು ಲೀಟರ್ ನೀರು ಗುಡ್ಡಕ್ಕೆ, ಇನ್ನೆರಡು ಗಾಡಿಯಲ್ಲಿ. ಓಆರ್‌ಎಸ್ ಪುಡಿ ನಾಲ್ಕೈದು ಪ್ಯಾಕೆಟ್. ಟೊಪ್ಪಿಗೆ ಅಥವಾ ಟವೆಲ್ ಪ್ರತಿಯೊಬ್ಬರಿಗೂ. ಚಪ್ಪಲಿ ಬೇಡ, ಹಿಡಿತ ಇರುವ ಬೂಟು ಹಾಕಿಸಿ.

ಬುತ್ತಿಗೆ ನಮ್ಮ ಹಿರಿಯರು ಕಂಡುಕೊಂಡದ್ದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಖಡಕ್ ರೊಟ್ಟಿ ಮೂರು ದಿನ ಕೆಡುವುದಿಲ್ಲ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಡಬ್ಬಿಯಲ್ಲಿ. ಮೊದಲ ದಿನಕ್ಕೆ ಧಪಾಟಿ. ಮೊಸರು ಊರಲ್ಲಿ ಕೊಳ್ಳಬಹುದು, ನಾಲ್ಕು ಈರುಳ್ಳಿ ಚೀಲದಲ್ಲಿ ಇರಲಿ. ಕೂರಲು ಒಂದು ಹಳೆ ಕೌದಿ. ಮಕ್ಕಳಿಗೆ ಚಿಪ್ಸ್ ಕಟ್ಟಬೇಡಿ, ಉಪ್ಪು ತಿಂದು ನೀರು ಕುಡಿದೇ ಖಾಲಿ ಮಾಡುತ್ತಾರೆ.

ಹೆಣ್ಣುಮಕ್ಕಳಿಗಾಗಿ ಒಂದು ಮಾತು. ಗುಡ್ಡದ ಮೇಲೆ, ಕಣಿವೆಯಲ್ಲಿ ಶೌಚಾಲಯ ಸಿಗುತ್ತದೆ ಅಂತ ನಂಬಿ ಹೋಗಬೇಡಿ. ಲಾಡ್ಜ್, ಬಸ್ ನಿಲ್ದಾಣ, ಪೆಟ್ರೋಲ್ ಬಂಕ್, ಈ ಮೂರರ ಲೆಕ್ಕದಲ್ಲೇ ದಿನ ಹಂಚಿಕೊಳ್ಳಿ. ಬಯಲಿಗೆ ಹೋಗುವ ಕಷ್ಟಕ್ಕೆ ಹೆದರಿ ನೀರು ಕುಡಿಯದೆ ಇರುವ ತಪ್ಪು ಮಾತ್ರ ಮಾಡಬೇಡಿ.

ಮೊದಲ ಮುಂಜಾನೆ: ಶಹಾಪುರ

ಬೆಳಗಿನ ನಾಲ್ಕೂವರೆಗೆ ಕಲಬುರಗಿ ಬಿಡಿ. ಮಕ್ಕಳು ಗಾಡಿಯಲ್ಲಿ ನಿದ್ದೆ ಮುಗಿಸಲಿ. ಕಟ್ಟಿ ಸಂಗಾವಿ ಹತ್ತಿರ ಭೀಮಾ ನದಿ ದಾಟಿ, ಜೇವರ್ಗಿ ಹಾಯ್ದು, ಎರಡು ತಾಸಿನಲ್ಲಿ ಶಹಾಪುರ. ಅಲ್ಲಿವರೆಗೂ ಮೇಜಿನ ಹಾಗೆ ಸಪಾಟಾಗಿದ್ದ ಎರೆಭೂಮಿ, ಶಹಾಪುರ ಹತ್ತಿರವಾದಂತೆ ಒಮ್ಮೆಲೇ ಏಳುತ್ತದೆ. ಯಾರೋ ಗುಂಡುಗಲ್ಲು ತಂದು ರಾಶಿ ಹಾಕಿದ ಹಾಗೆ ಗುಡ್ಡಗಳು.

ಇಲ್ಲಿ ನೋಡಬೇಕಾದದ್ದು ಮಲಗಿದ ಬುದ್ಧ. ಯಾರೂ ಕೆತ್ತಿದ್ದಲ್ಲ. ನಾಲ್ಕು ಗುಡ್ಡಗಳು ಒಂದು ಕೋನದಿಂದ ನೋಡಿದಾಗ ಕೂಡಿಕೊಂಡು, ಮೇಲ್ಮುಖವಾಗಿ ಮಲಗಿದ ಬುದ್ಧನ ಆಕಾರ ಆಗುತ್ತದೆ. ಹಣೆ, ಮೂಗು, ತುಟಿ, ಗದ್ದ, ಎದೆ. ನಾಲ್ಕು ಹೆಜ್ಜೆ ಅತ್ತಿತ್ತ ಆದರೆ ಬುದ್ಧ ಮಾಯ, ಬರೀ ಗುಡ್ಡ. ಆದ್ದರಿಂದ ನಕಾಶೆ ನೋಡುತ್ತ ಕೂರಬೇಡಿ, ಊರಲ್ಲಿ ಚಹಾ ಕುಡಿಯುತ್ತ "ಬುದ್ಧ ಎಲ್ಲಿಂದ ಚಂದ ಕಾಣ್ತಾನ್ರಿ?" ಅಂತ ಕೇಳಿ. ಕೈಹಿಡಿದು ಕರೆದುಕೊಂಡು ಹೋಗಿ ತೋರಿಸುತ್ತಾರೆ.

ನಾವು ನಿಂತಾಗ ಸೂರ್ಯ ಆಗಷ್ಟೇ ಮೇಲೇರಿದ್ದ. ಮೂಗಿನ ತುದಿಗೆ ಬೆಳಕು ಬಿದ್ದು, ಕಣ್ಣಿನ ಜಾಗ ಇನ್ನೂ ಕತ್ತಲಲ್ಲಿತ್ತು. ಮಗ ಬಹಳ ಮೆಲ್ಲಗೆ ಕೇಳಿದ, "ಆಯಿ, ಅಂವ ಏಳಂಗಿಲ್ಲೇನು?" ಅತ್ತೆ ಅಷ್ಟೇ ಮೆಲ್ಲಗೆ, "ದಣದಾನಪ್ಪ, ಮಲಗ್ಲಿ" ಅಂದರು. ಆಮೇಲೆ ಗಾಡಿ ಹತ್ತುವವರೆಗೂ ಇಬ್ಬರೂ ದೊಡ್ಡ ದನಿ ತೆಗೆಯಲಿಲ್ಲ.

ಗಟ್ಟಿಮುಟ್ಟಾದವರು ಶಹಾಪುರದ ಗುಡ್ಡದ ಮೇಲಿನ ಹಳೆ ಕೋಟೆಗೆ ಹತ್ತಬಹುದು. ವಯಸ್ಸಾದವರನ್ನು ಚರಬಸವೇಶ್ವರ ಗದ್ದುಗೆಯಲ್ಲಿ ಬಿಡಿ, ನೆರಳಿದೆ, ನೆಮ್ಮದಿಯಾಗಿ ಕೂರಬಹುದು. ಎಲ್ಲರೂ ಎಲ್ಲವನ್ನೂ ಹತ್ತಲೇಬೇಕು ಅಂತ ಹಟ ಬೇಡ. ನಾವು ಇಬ್ಬರು ಹತ್ತುತ್ತೇವೆ, ಇಬ್ಬರು ಕೆಳಗೆ ಇರುತ್ತೇವೆ. ಮಾರನೇ ದಿನ ಪಾಳಿ ಬದಲು.

ಹನ್ನೊಂದರಿಂದ ಮೂರೂವರೆ ತನಕ ಊಟ, ನಿದ್ದೆ. ಇದನ್ನು ವ್ಯರ್ಥ ಅಂದುಕೊಳ್ಳಬೇಡಿ. ಈ ನಾಲ್ಕೂವರೆ ತಾಸಿನ ವಿಶ್ರಾಂತಿಯೇ ಮುಂದಿನ ಎರಡು ದಿನ ಕಾಪಾಡುತ್ತದೆ.

ಸಂಜೆಗೆ ವಿಭೂತಿಹಳ್ಳಿ. ಶಹಾಪುರದ ಸನಿಹದ ಹಳ್ಳಿ. ಇಲ್ಲಿ ಬಯಲಿನಲ್ಲಿ ದೊಡ್ಡ ದೊಡ್ಡ ಗುಂಡುಗಲ್ಲುಗಳನ್ನು ಸಾಲು ಸಾಲಾಗಿ ಇಟ್ಟಿದ್ದಾರೆ. ಬೃಹತ್ ಶಿಲಾಯುಗದ ಜನರ ಕೆಲಸ. ಮೇಲ್ನೋಟಕ್ಕೆ ಚದುರಿ ಬಿದ್ದ ಕಲ್ಲು ಅನ್ನಿಸುತ್ತದೆ. ಒಂದು ಕಲ್ಲಿನ ಬೆನ್ನಿಗೆ ನಿಂತು ಮುಂದೆ ನೋಡಿ, ಸಾಲು ಕಾಣುತ್ತದೆ. ಅಡ್ಡ ತಿರುಗಿ, ಇನ್ನೊಂದು ಸಾಲು. ಮೂಲೆಯಿಂದ ಮೂಲೆಗೆ ಓರೆಯಾಗಿಯೂ ಸಾಲು. ಈ ಸಾಲುಗಳನ್ನು ಸೂರ್ಯ ಹುಟ್ಟುವ, ಮುಳುಗುವ ದಿಕ್ಕಿಗೆ ಹೊಂದಿಸಿ ಅಧ್ಯಯನ ಮಾಡಿದ ವಿಜ್ಞಾನಿಗಳೂ ಇದ್ದಾರೆ. ಹಾಗಾಗಿ ಸೂರ್ಯ ಮುಳುಗುವ ಹೊತ್ತಿಗೇ ಹೋಗಿ. ಮಕ್ಕಳಿಗೆ ಒಂದೊಂದು ಕಲ್ಲಿನ ಹತ್ತಿರ ನಿಲ್ಲಲು ಹೇಳಿ, ನೆರಳು ಯಾವ ಕಡೆ ಬೀಳುತ್ತದೆ ನೋಡಿಸಿ. ಪಾಠದ ಪುಸ್ತಕದಲ್ಲಿ ಎರಡು ಸಾಲಿನಲ್ಲಿ ಮುಗಿದುಹೋಗುವ ಶಿಲಾಯುಗ ಇಲ್ಲಿ ಕೈಗೆ ಸಿಗುತ್ತದೆ. ಕಲ್ಲಿನ ಮೇಲೆ ಹತ್ತಿಸಬೇಡಿ, ಹೆಸರು ಗೀಚಿಸಬೇಡಿ.

ಎರಡನೇ ಮುಂಜಾನೆ: ಸುರಪುರ

ಹತ್ತಿಗುಡೂರು ದಾಟಿ ಸುರಪುರಕ್ಕೆ ಮುಕ್ಕಾಲು ತಾಸು. ಊರಿಗೆ ಊರೇ ಗುಡ್ಡಗಳ ಮಡಿಲಲ್ಲಿ ಕೂತಿದೆ. ನಾಯಕ ಅರಸರು ಯಾಕೆ ಇಲ್ಲಿ ರಾಜಧಾನಿ ಕಟ್ಟಿದರು ಅನ್ನುವುದು ನೋಡಿದ ಕೂಡಲೇ ತಿಳಿಯುತ್ತದೆ.

ಬೆಳಿಗ್ಗೆ ಆರೂವರೆಗೆ ಟೇಲರ್ ಮಂಜಿಲ್ ಕಡೆ ಹೋಗಿ. 1841ರಿಂದ ಹನ್ನೆರಡು ವರ್ಷದಷ್ಟು ಕಾಲ ಇಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್ ಗುಡ್ಡದ ಮೇಲೆ ಕಟ್ಟಿಸಿಕೊಂಡ ಬಂಗಲೆ ಅದು. ಅಲ್ಲಿಂದ ಕೆಳಗೆ ಊರು ಕಾಣುತ್ತದೆ. ಅಲ್ಲೇ ಕೌದಿ ಹಾಸಿ ಮಕ್ಕಳಿಗೆ ರಾಜಾ ವೆಂಕಟಪ್ಪ ನಾಯಕನ ಕತೆ ಹೇಳಿ.

ವೆಂಕಟಪ್ಪ ಆಗ ಚಿಕ್ಕ ಹುಡುಗ. ಟೇಲರ್ ಅವನನ್ನು ಓದಿಸಿದ, ಬೆಳೆಸಿದ. ಹುಡುಗ ಟೇಲರ್‌ನನ್ನು "ಅಪ್ಪ" ಅಂತಲೇ ಕರೆಯುತ್ತಿದ್ದ. ಅದೇ ಹುಡುಗ ದೊಡ್ಡವನಾಗಿ 1857-58ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ನಿಂತ. 1858ರ ಫೆಬ್ರವರಿಯಲ್ಲಿ ಸುರಪುರದ ಮೇಲೆ ಸೈನ್ಯ ಬಂತು. ಹೈದರಾಬಾದಿನಲ್ಲಿ ಸೆರೆಸಿಕ್ಕ ಅರಸನಿಗೆ ಮೊದಲು ಮರಣದಂಡನೆ, ಆಮೇಲೆ ಅದನ್ನು ಕಡಿಮೆ ಮಾಡಿ ನಾಲ್ಕು ವರ್ಷ ಚೆಂಗಲಪಟ್ಟಿನಲ್ಲಿ ಸೆರೆ ಅಂತಾಯಿತು. ಅಲ್ಲಿಗೆ ಮುಟ್ಟುವ ಮೊದಲೇ ದಾರಿಯಲ್ಲಿ ಗುಂಡಿಗೆ ಬಲಿಯಾದ. ತಾನೇ ಹೊಡೆದುಕೊಂಡ ಅಂತ ಬ್ರಿಟಿಷರು ಬರೆದಿಟ್ಟರು. ಸುರಪುರದಲ್ಲಿ ನೀವು ಬೇರೆ ಮಾತೂ ಕೇಳುತ್ತೀರಿ. ಹಿರಿಯರು ಯಾರಾದರೂ ಸಿಕ್ಕರೆ ಕೂತು ಕೇಳಿ, ಅವರು ಹೇಳುವಾಗ ಅದು ನಿನ್ನೆ ಮೊನ್ನೆ ನಡೆದದ್ದು ಅನ್ನಿಸುತ್ತದೆ. ನನ್ನ ಮಗಳು ಕತೆ ಮುಗಿದ ಮೇಲೆ ಕೇಳಿದ್ದು ಒಂದೇ: "ಅವರ ಅಪ್ಪ ಅನ್ನಿಸಿಕೊಂಡವರು ಬಿಡಿಸಲಿಲ್ಲೇನು?" ಆ ಪ್ರಶ್ನೆಗೆ ನಾನು ಇವತ್ತಿಗೂ ನೆಟ್ಟಗೆ ಉತ್ತರ ಕೊಟ್ಟಿಲ್ಲ.

ಇಳಿದು ಬಂದು ವೇಣುಗೋಪಾಲಸ್ವಾಮಿ ಗುಡಿ, ಅರಮನೆಯ ಕಡೆ ಒಂದು ಸುತ್ತು ಹಾಕಿ. ಗೋಕುಲಾಷ್ಟಮಿ ಜಾತ್ರೆಯಲ್ಲಿ ಎಣ್ಣೆ ಸವರಿದ ಕಂಬ ಹತ್ತುವ ಆಟ ಇಲ್ಲಿ ಬಹಳ ಹೆಸರುವಾಸಿ. ಆಗ ಹೋಗುವುದಾದರೆ ಜನಜಂಗುಳಿಗೆ ತಯಾರಾಗಿ ಹೋಗಿ, ಮಕ್ಕಳ ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇಡಿ.

ಇತಿಹಾಸದ ಹುಚ್ಚು ಇರುವವರಿಗೆ ಹತ್ತಿರದಲ್ಲೇ ವಾಗಣಗೇರಾ ಕೋಟೆ ಇದೆ. 1705ರಲ್ಲಿ, 86ರ ವಯಸ್ಸಿನಲ್ಲಿ, ಔರಂಗಜೇಬ ಖುದ್ದಾಗಿ ಬಂದು ಬೇಡ ನಾಯಕರ ಈ ಕೋಟೆಗೆ ಮುತ್ತಿಗೆ ಹಾಕಿದ. ಕೋಟೆ ಸಿಕ್ಕಿತು, ನಾಯಕ ಸಿಗಲಿಲ್ಲ. ಬಳಿಕ ದೇವಾಪುರದಲ್ಲಿ ಬಿಡಾರ ಹೂಡಿದ್ದಾಗಲೇ ಬಾದಶಹ ಕಾಯಿಲೆ ಬಿದ್ದ. ಚಿಕ್ಕ ಮಕ್ಕಳಿದ್ದರೆ ಈ ಕೋಟೆ ಬಿಟ್ಟುಬಿಡಿ, ದಾರಿ ಕಷ್ಟ.

ಸಂಜೆ ನಾಲ್ಕಕ್ಕೆ ಬೋನಾಳ ಪಕ್ಷಿಧಾಮ. ಸುರಪುರದ ಅರಸರು 17ನೇ ಶತಮಾನದಲ್ಲಿ ಕಟ್ಟಿಸಿದ ಕೆರೆ ಅದು. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದು ಇಲ್ಲಿ ಇಳಿಯುತ್ತವೆ. ತಲೆಯ ಹಿಂದೆ ಎರಡು ಕಪ್ಪು ಗೆರೆ ಇರುತ್ತದೆ, ಮಕ್ಕಳಿಗೆ ಮೊದಲೇ ಹೇಳಿಡಿ, ಹುಡುಕುತ್ತಾರೆ. ಕೆಂಪು, ಹಳದಿ ಬಟ್ಟೆ ಬೇಡ. ದುರ್ಬೀನು ಇದ್ದರೆ ಒಯ್ಯಿರಿ. ಇಲ್ಲಿ ಅತ್ತೆಗೆ ಏನೂ ಹತ್ತುವ ಕೆಲಸ ಇರಲಿಲ್ಲ. ಮೂರು ದಿನದಲ್ಲಿ ಅವರಿಗೆ ಎಲ್ಲಕ್ಕಿಂತ ಹಿಡಿಸಿದ ಜಾಗ ಇದು.

ಮೂರನೇ ಮುಂಜಾನೆ: ಹುಣಸಗಿ ಕಣಿವೆ

ಸುರಪುರದಿಂದ ಹುಣಸಗಿ ಕಡೆ ಹೊರಟರೆ ಗುಡ್ಡ ಹಿಂದೆ ಸರಿದು ಅಗಲವಾದ ಬಟ್ಟಲಿನಂಥ ಕಣಿವೆ ತೆರೆದುಕೊಳ್ಳುತ್ತದೆ. ಒಂದು ಕಡೆ ಗ್ರಾನೈಟ್ ಗುಡ್ಡ, ಇನ್ನೊಂದು ಕಡೆ ಸುಣ್ಣದಕಲ್ಲಿನ ದಿಬ್ಬ. ಈಗ ಕೃಷ್ಣಾ ಕಾಲುವೆ ನೀರು ಬಂದು ಭತ್ತದ ಗದ್ದೆಗಳಾಗಿವೆ.

ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವ ವಿದ್ವಾಂಸ ಕೆ. ಪದ್ದಯ್ಯ ಅವರು ದಶಕಗಟ್ಟಲೆ ಈ ಹುಣಸಗಿ, ಬೈಚಬಾಳ ಕಣಿವೆಗಳಲ್ಲಿ ಕಾಲ್ನಡಿಗೆಯಲ್ಲಿ ತಿರುಗಿ ಹಳೆ ಶಿಲಾಯುಗದ ನೆಲೆಗಳನ್ನು ಗುರುತಿಸಿದರು. ಅವುಗಳಲ್ಲಿ ದೊಡ್ಡ ಹೆಸರು ಇಸಾಂಪುರದ್ದು. ಆದಿಮಾನವರು ಇಲ್ಲಿನ ಸುಣ್ಣದಕಲ್ಲಿನ ಚಪ್ಪಡಿ ಎಬ್ಬಿಸಿ, ಬೇರೆ ಗಟ್ಟಿ ಕಲ್ಲಿನಿಂದ ಹೊಡೆದು, ಕೈಕೊಡಲಿ ಮಾಡುತ್ತಿದ್ದರು. ಕಲ್ಲೂ ಅಲ್ಲೇ, ಕೆಲಸವೂ ಅಲ್ಲೇ. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲು ಪರೀಕ್ಷೆ ಮಾಡಿ, ಸುಮಾರು 12 ಲಕ್ಷ ವರ್ಷ ಹಳೆಯದು ಅಂತ ಲೆಕ್ಕ ಹಾಕಿದ್ದಾರೆ.

ಒಂದು ಎಚ್ಚರ. ಇಲ್ಲಿ ಗುಡಿ, ಗೋಪುರ ಏನೂ ಇಲ್ಲ. ಹೊಲ, ಕಲ್ಲು, ಹಳ್ಳ, ಅಷ್ಟೇ. ತಯಾರಿ ಇಲ್ಲದೆ ಹೋದರೆ ಮಕ್ಕಳಿಗೆ ಐದು ನಿಮಿಷಕ್ಕೆ ಬೇಜಾರು. ಹಿಂದಿನ ರಾತ್ರಿಯೇ ಕತೆ ಹೇಳಿ: ಆಗ ಊರಿಲ್ಲ, ಬೇಸಾಯ ಇಲ್ಲ, ಮಡಕೆ ಇಲ್ಲ. ಬೇಸಿಗೆಯಲ್ಲೂ ನೀರು ಬತ್ತದ ಒರತೆ ಇತ್ತು, ಒಳ್ಳೆಯ ಕಲ್ಲಿತ್ತು, ಅದಕ್ಕೇ ಬಂದರು. ಬಾದಾಮಿ ಆಕಾರದ ಕೈಕೊಡಲಿಯ ಚಿತ್ರ ಫೋನಿನಲ್ಲಿ ಇಟ್ಟುಕೊಳ್ಳಿ, ಕಣಿವೆಯಲ್ಲಿ ನೆಟ್‌ವರ್ಕ್ ನೆಚ್ಚಬೇಡಿ. ಒಂದು ಕಲ್ಲನ್ನೂ ಮನೆಗೆ ತರಬೇಡಿ. ಅದು ಬಿದ್ದ ಜಾಗದಲ್ಲಿ ಇದ್ದರೆ ಮಾತ್ರ ಅದಕ್ಕೆ ಬೆಲೆ. ಬೆಳೆ ತುಳಿಯದೆ ಬದುವಿನ ಮೇಲೆ ನಡೆಯಿರಿ, ಹೊಲದವರು ಕಂಡರೆ ಕೇಳಿ ಮುಂದೆ ಹೋಗಿ.

ಅಲ್ಲಿಂದ ಸಮಯ ಉಳಿದರೆ ತಿಂಥಣಿಯಲ್ಲಿ ಕೃಷ್ಣೆಯ ದಡದ ಮೌನೇಶ್ವರ ಗುಡಿ ನೋಡಿಕೊಂಡು ಬನ್ನಿ. ನದಿಗೆ ಮಕ್ಕಳನ್ನು ಇಳಿಸಬೇಡಿ. ನಾರಾಯಣಪುರ ಬಸವಸಾಗರದಿಂದ ನೀರು ಬಿಟ್ಟರೆ ದಡದಲ್ಲಿ ನೀರು ಏಕಾಏಕಿ ಏರುತ್ತದೆ.

ಗುಡ್ಡದಲ್ಲೂ ಒಂದೆರಡು ಜಾಗ್ರತೆ ಇರಲಿ. ಬಂಡೆಯ ಮಗ್ಗುಲಲ್ಲಿ ಹೆಜ್ಜೇನು ಕಟ್ಟಿರುತ್ತದೆ, ಬೆಂಕಿ, ಹೊಗೆ, ಪಟಾಕಿ, ಸೆಂಟು ಯಾವುದೂ ಬೇಡ. ಕಲ್ಲಿನ ಸಂದಿಗೆ ಕೈ ಹಾಕಲು ಬಿಡಬೇಡಿ. ಸಂಜೆ ಎಲ್ಲಾದರೂ ಹತ್ತಿದ್ದರೆ ಐದೂವರೆಗೆಲ್ಲ ಕೆಳಗೆ ಇರಿ.

ಸನ್ನತಿಗೆ ಬೇರೆ ದಿನ

ಇದನ್ನು ಆ ಮೂರು ದಿನದೊಳಗೆ ತುರುಕಬೇಡಿ. ಕಲಬುರಗಿಯಿಂದ ಒಂದು ಭಾನುವಾರ ಸಾಕು. ರೈಲಿನಲ್ಲಾದರೆ ವಾಡಿ ಆಚೆಗಿನ ನಾಲವಾರ ಸ್ಟೇಷನ್ ಹತ್ತಿರ. ಚಿತ್ತಾಪುರ ತಾಲೂಕಿನಲ್ಲಿ ಭೀಮೆಯ ದಂಡೆಗೆ ಚಂದ್ರಲಾಂಬೆಯ ಗುಡಿ. 1986ರಲ್ಲಿ ಇಲ್ಲಿನ ಕಾಳಿ ಗುಡಿಯ ಚಾವಣಿ ಕುಸಿದು ಮೂರ್ತಿ ಒಡೆಯಿತು. ಮೂರ್ತಿಗೆ ಪೀಠವಾಗಿದ್ದ ಕಲ್ಲನ್ನು ನೋಡಿದರೆ, ಅದು ಅಶೋಕನ ಶಾಸನ! ನೂರಾರು ವರ್ಷ ಜನ ಅದರ ಮುಂದೆ ಕೈಮುಗಿದಿದ್ದರು.

ಪಕ್ಕದ ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆ 1990ರ ದಶಕದಲ್ಲಿ ಅಗೆದಾಗ ದೊಡ್ಡ ಬೌದ್ಧ ಸ್ತೂಪ ಹೊರಬಂತು. ಅದರ ಚಪ್ಪಡಿಯೊಂದರಲ್ಲಿ ರಾಜ, ರಾಣಿ, ಚಾಮರ ಹಿಡಿದವರು, ಜೊತೆಗೆ ಬ್ರಾಹ್ಮಿ ಲಿಪಿಯಲ್ಲಿ ಅಶೋಕನ ಹೆಸರು. ಕಾವಲಿನವರನ್ನು ಕೇಳಿ, ತೋರಿಸುತ್ತಾರೆ. ಮುಟ್ಟಬೇಡಿ.

ಅಕ್ಷರ "ರಾಯ ಅಸೋಕ" ಅಂತಿದೆ ಎಂದು ಹೇಳಿದಾಗ ಮಗ ಅದನ್ನು ಗಾಳಿಯಲ್ಲಿ ಬೆರಳಿನಿಂದ ಬರೆಯುತ್ತ ನಿಂತ. "ರಾಯ ಅಂದ್ರ ನಾವು ಅಂತೇವಲ್ಲಾ, ಅದೇ ರಾಯ ಏನು?" ಅಂದ. ಹೌದು ಅಂದೆ. ಅವನು ಆಯಿಯನ್ನು ಕೂಗಿ ಕರೆದು, ಮೊದಲ ಅಕ್ಷರದಿಂದ ಮತ್ತೆ ಓದಿ ಹೇಳತೊಡಗಿದ.